ಎರಡು ಮಿಲಿಮೀಟರ್

ಒಂದು ಗೇಣು ಉಕ್ಕಿನ ಕೊಳವೆ. ಹೊರಗಿನಿಂದ ಕಿರುಬೆರಳು,
ಒಳಗೆ ಪೆನ್ಸಿಲ್ಲೂ ತೂರದಷ್ಟು ಜಾಗ.
ಬೆಲೆ ನನ್ನ ಎರಡು ತಿಂಗಳ ಸಂಬಳ.
ವಿಮಾನದಲ್ಲಿ ಬರುತ್ತದೆ,
ಬಂದರಿನ ಊರಿಗೆ.

ಒಳಗೇನಿದೆ ಎಂದು ಯಾರಾದರೂ ಕೇಳಿದರೆ
ಕಿಟಕಿ ತೋರಿಸುತ್ತೇನೆ: ಅದೋ, ಮರಳು.
ಕೋಡಿಬಾಗದ ಹತ್ತಿರ ಕಾಳಿ ನದಿ ಕೊಟ್ಟು
ಕಡಲು ಬೇಡವೆಂದು ಮರಳಿಸುವ ಮರಳು.
ಅದರ ಜಾತಿಯದೇ, ಓದಿ ಬಂದದ್ದು ಅಷ್ಟೆ.
ಕಾಳು ಕಾಳೂ ದುಂಡಗೆ, ಒಂದೇ ಅಳತೆ,
ಕೂದಲೆಳೆಯನ್ನು ಹದಿನೈದಾಗಿ ಸೀಳಿದರೆ ಒಂದು ಸೀಳಿನಷ್ಟು.
ಮೈತುಂಬ ರಂಧ್ರ; ರಂಧ್ರದ ಗೋಡೆಗೂ
ಹದಿನೆಂಟು ಇಂಗಾಲದ ರೋಮ ನೆಟ್ಟಿದ್ದಾರೆ.
ಎಣ್ಣೆಯ ಗುಣ ಅದಕ್ಕೆ. ನೀರು ಕಂಡರೆ ಮುಖ ತಿರುಗಿಸುವವರು
ಅಲ್ಲಿ ಕೂತುಬಿಡುತ್ತಾರೆ;
ನೀರಿನ ನೆಂಟರು ನಿಲ್ಲದೆ ಹೋಗುತ್ತಾರೆ.
ಇಷ್ಟೇ ಕಸುಬು. ಯಾರು ಎಷ್ಟು ಹೊತ್ತು ತಡೆದರು
ಬರೆದಿಡುವುದು ನನ್ನ ನೌಕರಿ.

ಮಂಗಳವಾರ ಸುಂಕೇರಿಯ ಗುರುದಾಸ ಕೊಠಾರಕರನ ಶೆಟ್ಲಿ ಬಂತು,
ಐಸಿನ ಡಬ್ಬಿಯಲ್ಲಿ, ಅವನೇ ಹೊತ್ತು ತಂದ.
"ಅಕ್ಕೋರೆ, ಈ ಸಲ ಹೊಂಡಕ್ಕೆ ಏನೂ ಹಾಕಲಿಲ್ಲ, ದೇವರಾಣೆ."
ರುಬ್ಬಿದೆ, ಸೋಸಿದೆ, ಚುಚ್ಚಿದೆ.
ಹನ್ನೊಂದನೇ ನಿಮಿಷಕ್ಕೆ, ಔಷಧದ ಜಾಗದಲ್ಲಿ,
ಒಂದು ಗುಡ್ಡ ಏಳಬೇಕು, ಇಲ್ಲವೇ ಬಯಲು.
ಎದ್ದದ್ದು ಎಮ್ಮೆಯ ಗೊರಸು, ನಡುವೆ ಸೀಳಿ.
ಗೊತ್ತಿದ್ದ ಔಷಧವನ್ನೇ ಚುಚ್ಚಿ ನೋಡಿದೆ. ಅದೂ ಸೀಳು.
ಸಾಹೇಬರು ಕನ್ನಡಕ ಏರಿಸಿ ಅಂದರು:
"ಸ್ಪಷ್ಟವಿಲ್ಲದ್ದು ಇಲ್ಲವೆಂದೇ ಲೆಕ್ಕ. ಬರಿ, ಲಾರಿ ಕಾಯ್ತಾ ಇದೆ."

ನಾನು ಸ್ಪ್ಯಾನರ್ ಹುಡುಕಿದೆ.

ಬಿಚ್ಚಬಾರದು ಎನ್ನುತ್ತದೆ ಕಂಪನಿಯ ಚೀಟಿ
ನಾಲ್ಕು ಭಾಷೆಯಲ್ಲಿ, ಅದರಲ್ಲಿ ನಮ್ಮದಿಲ್ಲ.
ಬಿಚ್ಚಿದೆ. ಜಾಲರಿಯ ಬಿಲ್ಲೆ ತೆಗೆದೆ.
ಬೆಳ್ಳಗಿರಬೇಕಾದ ಮುಖಕ್ಕೆ ಚಹಾದ ಬಣ್ಣ,
ನಡುವೆ ಒಂದು ಕುಳಿ. ಎರಡು ಮಿಲಿಮೀಟರ್,
ಹಲ್ಲಿನ ಹುಳುಕಿನಷ್ಟು.
ಬಂದವನು ಅಲ್ಲಿ ಸುತ್ತಿ, ಅರ್ಧ ಮುಂದೆ, ಅರ್ಧ ಹಿಂದೆ,
ಒಬ್ಬನೇ ಇಬ್ಬರಾಗಿ ಹೊರಬೀಳುತ್ತಿದ್ದ.

ಮಾಜಾಳಿಯಲ್ಲಿ ಆಯಿ ಬಾಂಗಡೆಗೆ ಉಪ್ಪು ಹಾಕುವಾಗ
ಭರಣಿಯ ಹೊಟ್ಟೆಗೆ ಕಿವಿ ಇಟ್ಟು ತಟ್ಟುತ್ತಿದ್ದಳು.
ಒಂದು ಪದರ ಮೀನು, ಒಂದು ಪದರ ಸಾಣಿಕಟ್ಟಾ ಉಪ್ಪು,
ಅಂಗೈಯಿಂದ ಒತ್ತು, ಮತ್ತೆ ತಟ್ಟು.
ದಣ್ ಅಂದರೆ ಆಗಲಿಲ್ಲ, ದಬ್ ಅನ್ನಬೇಕು.
"ಸಂದು ಬಿಟ್ಟಲ್ಲಿ ಹುಳ ಸಂಸಾರ ಹೂಡ್ತದೆ."
ಬಡಿದು ತುಂಬಿದರೆ ಮೀನು ಪುಡಿ,
ಸುಮ್ಮನೆ ಸುರಿದರೆ ಹುಳ.
ನಡುವಿನದನ್ನು ನನ್ನ ಕೈಗೆ ಕಲಿಸಿದಳು,
ನನಗೆ ಹೇಳಲಿಲ್ಲ.

ಕಪಾಟಿನಲ್ಲಿ ಸತ್ತ ಕಾಲಂ ಒಂದಿತ್ತು,
ಅದೇ ಕಂಪನಿ, ಅದೇ ರೋಮದ್ದು.
ಅದರ ಬಾಲದ ತುದಿಯ, ಯಾವ ಕೊಳೆಯೂ ತಲುಪದ ಬಿಳಿಯಿಂದ
ಚಿಟಿಕೆ ಪುಡಿ ತೆಗೆದು ಮೆಥನಾಲಿನಲ್ಲಿ ಕಲಸಿದೆ:
ದೋಸೆಗೆ ಗಟ್ಟಿ, ಇಡ್ಲಿಗೆ ತೆಳು.
ಚಹಾದ ಬಣ್ಣ ಕೆರೆದು, ತುಂಬಿ, ಸವರಿ, ಮುಚ್ಚಿ,
ಕಿವಿಯ ಹತ್ತಿರ ತಂದು ಉಗುರಲ್ಲಿ ತಟ್ಟಿದೆ.
ಉಕ್ಕು ಏನೂ ಹೇಳುವುದಿಲ್ಲ.
ಆದರೂ ತಟ್ಟಿದೆ.

ರಾತ್ರಿ ಎಂಟು. ಬೈತಖೋಲದಲ್ಲಿ ಬೋಟುಗಳು ಕೆಮ್ಮಿ ಶುರುವಾದವು.
ಪಂಪು ಮೆಲ್ಲಗೆ ಒತ್ತಡ ಏರಿಸಿತು, ನಿಂತಿತು.
ಗೊತ್ತಿದ್ದ ಔಷಧಕ್ಕೆ ಒಂದೇ ಗುಡ್ಡ. ಸರಿ.
ಗುರುದಾಸನದಕ್ಕೂ ಒಂದೇ,
ಚೂಪಾಗಿ, ನೆಟ್ಟಗೆ, ಮಿತಿಯ ಗೆರೆ ದಾಟಿ.
ಎಂಥ ಚೆಂದ ಅನ್ನಿಸಿತು ಮೊದಲು;
ದೇವರಾಣೆ ನೆನಪಾದದ್ದು ಆಮೇಲೆ.

ಜಗಲಿಯ ಬೆಂಚಿನ ಮೇಲೆ ಅವನು ಇನ್ನೂ ಕೂತಿದ್ದ,
ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟು.
"ಆಯ್ತಾ, ಅಕ್ಕೋರೆ?"
ಕೈ ತೊಳೆದು ಬರುತ್ತೇನೆ ಅಂದೆ.
ನಲ್ಲಿಯ ಕೆಳಗೆ ಬಹಳ ಹೊತ್ತು ನಿಂತೆ.
ಉಗುರಿನ ಸಂದಿಯಲ್ಲಿ ಅಷ್ಟು ಬಿಳಿ ಉಳಿದಿತ್ತು,
ತೊಳೆದರೆ ಹೋಗದು. ನೀರು ಕಂಡರೆ
ಮುಖ ತಿರುಗಿಸುವ ಜಾತಿ.